ಏಬ್‌ಬುಕ್ಸ್‌ನಲ್ಲಿ ಮೊದಲ ಮುದ್ರಣದ ಬೇಟೆ: ಪಟ್ಟಿಗೆ ಪೂರ್ತಿ ಅಂಕ, ಟಿಕ್ ಗುರುತಿಗೆ ಸೊನ್ನೆ

ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಮೊದಲು ಹೊರಬಂದದ್ದು 1813ರ ಜನವರಿ 28ರಂದು. ಲಂಡನ್ನಿನ ಥಾಮಸ್ ಎಗರ್ಟನ್ ಪ್ರಕಾಶನ, ಮೂರು ಸಂಪುಟ, ಬೆಲೆ 18 ಶಿಲಿಂಗ್. ಇಂಥ ಹಳೇ ಕಾದಂಬರಿಯ ಹೆಸರನ್ನೂ ವರ್ಷವನ್ನೂ ಹಳೇ ಪುಸ್ತಕ ಮಾರುವ ತಾಣ ಏಬ್‌ಬುಕ್ಸ್‌ನಲ್ಲಿ ಕೊಟ್ಟು ಹುಡುಕಿದರೆ ಬರುವ ಸಾಲಿನಲ್ಲಿ ಅಸಲಿ ಪ್ರತಿಗಳ ಜೊತೆ ಇನ್ನೊಂದು ಜಾತಿಯೂ ನುಗ್ಗುತ್ತದೆ. ಪ್ರಕಟಣೆಯ ವರ್ಷ ಎಂಬ ಕಡೆ ಹಳೇ ಇಸವಿ ಹಾಕಿಕೊಂಡು, ಆರ್ಡರ್ ಬಂದ ಮೇಲೆ ಸ್ಕ್ಯಾನ್‌ನಿಂದ ಅಚ್ಚು ಹಾಕಿ, ಲೆದರ್ ಬೈಂಡು ಮಾಡಿ ಕಳಿಸುವ ಪುಸ್ತಕಗಳವು. ಮಾರುವವರಲ್ಲಿ ನಮ್ಮ ದೆಹಲಿಯವರೂ ಇದ್ದಾರೆ. ಅವರು ಮೋಸ ಮಾಡುತ್ತಿಲ್ಲ, ವಿವರದಲ್ಲಿ ‘ಮರುಮುದ್ರಣ’ ಎಂದು ಬರೆದೇ ಇರುತ್ತಾರೆ. ಆದರೆ ಪಟ್ಟಿಯಲ್ಲಿ ಮೇಲ್ನೋಟಕ್ಕೆ ಕಾಣುವುದು ಇಸವಿ, ಬೆಲೆ, ಒಂದು ಚಿತ್ರ, ಅಷ್ಟೇ. ಮೊದಲ ಮುದ್ರಣ ಹುಡುಕುವವರು ಈ ತಾಣದಲ್ಲಿ ಮೊದಲು ಕಲಿಯಬೇಕಾದದ್ದು ಇದನ್ನು ಜರಡಿ ಹಿಡಿಯುವುದನ್ನು.

ಏಬ್‌ಬುಕ್ಸ್ 1995ರಲ್ಲಿ ಕೆನಡಾದ ವಿಕ್ಟೋರಿಯಾ ನಗರದಲ್ಲಿ ಹುಟ್ಟಿದ್ದು, 2008ರಿಂದ ಅಮೆಜಾನ್ ಒಡೆತನದಲ್ಲಿದೆ. ತಾನೇ ಪುಸ್ತಕ ಇಟ್ಟುಕೊಂಡು ಮಾರುವ ಅಂಗಡಿಯಲ್ಲ ಇದು. ಲೋಕದ ಸಾವಿರಾರು ಹಳೇ ಪುಸ್ತಕದ ವ್ಯಾಪಾರಿಗಳು ತಮ್ಮ ದಾಸ್ತಾನನ್ನು ಒಂದೇ ಕಡೆ ಹರಡಿಟ್ಟ ಸಂತೆ. ಲಂಡನ್ನಿನ ಹೆಸರಾಂತ ಅಪರೂಪದ ಪುಸ್ತಕ ವ್ಯಾಪಾರಿಯೂ ಗ್ಯಾರೇಜಿನಲ್ಲಿ ಪೆಟ್ಟಿಗೆ ಇಟ್ಟುಕೊಂಡವನೂ ಪಕ್ಕಪಕ್ಕ ಕೂತಿರುತ್ತಾರೆ. ಈ ವ್ಯಾಪಾರಿಗಳಿಗೆ ತಾಣದ ಮೇಲೆ ಹಿಡಿತವಿಲ್ಲವೇ ಎಂದರೆ, ಇದೆ. 2018ರಲ್ಲಿ ಹಂಗೆರಿ, ಜೆಕ್ ಗಣರಾಜ್ಯ, ರಷ್ಯಾ, ದಕ್ಷಿಣ ಕೊರಿಯಾದ ವ್ಯಾಪಾರಿಗಳನ್ನು ಕೈಬಿಡುವುದಾಗಿ ತಾಣ ಹೇಳಿದಾಗ, ಬೇರೆ ದೇಶಗಳ ನೂರಾರು ವ್ಯಾಪಾರಿಗಳು ಒಟ್ಟಾಗಿ ತಮ್ಮ ಪುಸ್ತಕಗಳನ್ನು ‘ರಜೆ’ ಎಂದು ಎತ್ತಿಟ್ಟರು. ನಿರ್ಧಾರ ಕೆಲವೇ ದಿನಗಳಲ್ಲಿ ವಾಪಸಾಯಿತು.

ಪಟ್ಟಿಯಾಗಿ ನೋಡಿದರೆ ಇದಕ್ಕೆ ಸಾಟಿ ಕಡಿಮೆ. ಅಂಗಡಿಯಾಗಿ ನೋಡಿದರೆ ಮಾತ್ರ ಎಚ್ಚರ ಬೇಕು. ಕೊಳ್ಳುವುದು ತಾಣವನ್ನಲ್ಲ, ಆ ಒಬ್ಬ ವ್ಯಾಪಾರಿಯ ಕಣ್ಣನ್ನು.

ಹುಡುಕುವ ಬಗೆ ಹೀಗಿರಲಿ. ಮುಖಪುಟದ ಹುಡುಕುಪೆಟ್ಟಿಗೆ ಬಿಟ್ಟು ನೇರ ‘ಅಡ್ವಾನ್ಸ್ಡ್ ಸರ್ಚ್’ಗೆ ಹೋಗಿ. ಲೇಖಕ, ಹೆಸರು, ಪ್ರಕಾಶಕ ಈ ಮೂರನ್ನೂ ತುಂಬಿ. ಪ್ರಕಾಶಕರ ಹೆಸರು ಹಾಕಿದ ಕೂಡಲೇ ಮುಕ್ಕಾಲು ಕಸ ಹೋಗುತ್ತದೆ: ‘ನೈನ್‌ಟೀನ್ ಎಯ್ಟಿ-ಫೋರ್’ಗೆ ಸೆಕರ್, ‘ದಿ ಹಾಬಿಟ್’ಗೆ ಅನ್ವಿನ್, ‘ಟು ಕಿಲ್ ಎ ಮಾಕಿಂಗ್‌ಬರ್ಡ್’ಗೆ ಲಿಪಿನ್‌ಕಾಟ್, ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಗೆ ಸ್ಕ್ರಿಬ್ನರ್. ಪ್ರಕಾಶಕರ ಹೆಸರಿನ ಒಂದೇ ಪದ ಸಾಕು. ಪೂರ್ತಿ ಹೆಸರನ್ನು ಒಬ್ಬೊಬ್ಬ ವ್ಯಾಪಾರಿ ಒಂದೊಂದು ರೀತಿ ಬರೆದಿರುತ್ತಾನೆ, ನೀವು ಪೂರ್ತಿ ಬರೆದರೆ ಒಳ್ಳೇ ಪ್ರತಿಯೇ ತಪ್ಪಿಹೋದೀತು. ಇಸವಿಗೆ ಕನಿಷ್ಠ, ಗರಿಷ್ಠ ಎರಡು ಮನೆಗಳಿವೆ. ಎರಡಕ್ಕೂ ಅದೇ ವರ್ಷ ಹಾಕಿ. ಆರ್ಡರ್ ಮೇಲೆ ಮುದ್ರಿಸುವವನ್ನು ಹೊರಗಿಡುವ ಆಯ್ಕೆಯೂ ಇದೆ, ಅದನ್ನು ಒತ್ತಿ. ಆಮೇಲೆ ಬೆಲೆಯ ಏರಿಕೆ ಕ್ರಮದಲ್ಲಿ ಜೋಡಿಸಿ.

‘ಫಸ್ಟ್ ಎಡಿಷನ್’ ಎಂಬ ಟಿಕ್ ಪೆಟ್ಟಿಗೆಯನ್ನು ಮೊದಲ ಸುತ್ತಿನಲ್ಲಿ ಮುಟ್ಟಬೇಡಿ. ಈ ಗುರುತನ್ನು ತಾಣ ಪರೀಕ್ಷಿಸಿ ಕೊಡುವುದಿಲ್ಲ, ಮಾರುವವರು ತಾವೇ ಹಾಕಿಕೊಳ್ಳುತ್ತಾರೆ. ಕಾಪಿರೈಟ್ ಪುಟದಲ್ಲಿ ‘ಫಸ್ಟ್ ಪಬ್ಲಿಷ್ಡ್ 1949’ ಎಂಬ ಸಾಲು ಕಂಡು, ಅದರ ಕೆಳಗೇ ಇರುವ ‘ಮರುಮುದ್ರಣ 1950’ ಎಂಬುದನ್ನು ನೋಡದೆ ಟಿಕ್ ಹಾಕಿದವರು ಬೇಕಾದಷ್ಟು ಜನ. ಪೇಪರ್‌ಬ್ಯಾಕ್‌ನ ಮೊದಲ ಅಚ್ಚಿಗೆ ಹಾಕಿದವರೂ ಇದ್ದಾರೆ. ಎದುರುಬದಿಯ ನಷ್ಟವೂ ಉಂಟು: ಹಳೇ ಕಾಲದ ನಿಷ್ಠ ವ್ಯಾಪಾರಿ ವಿವರದಲ್ಲಿ ‘ಮೊದಲ ಮುದ್ರಣ, ಮೊದಲ ಅಚ್ಚು’ ಎಂದು ಚೆಂದವಾಗಿ ಬರೆದು, ಟಿಕ್ ಹಾಕುವುದನ್ನೇ ಮರೆತಿರುತ್ತಾನೆ. ಅಗ್ಗದ ಒಳ್ಳೇ ಪ್ರತಿಗಳು ಸಿಗುವುದು ಈ ಸಂದಿಯಲ್ಲೇ.

ಕನ್ನಡ ಓದುಗರಿಗೆ ಇಲ್ಲೊಂದು ಗೊಂದಲ ಸಹಜ. ನಮ್ಮ ಪುಸ್ತಕಗಳಲ್ಲಿ ಶೀರ್ಷಿಕೆ ಪುಟದ ಬೆನ್ನಿಗೆ ‘ಮೊದಲ ಮುದ್ರಣ: 1968, ಎರಡನೆಯ ಮುದ್ರಣ: 1974, ಪ್ರತಿಗಳು: 1000’ ಎಂದು ಜಾತಕವನ್ನೇ ಬರೆದಿರುತ್ತಾರೆ. ಇಂಗ್ಲಿಷ್ ಪ್ರಕಾಶಕರು ಅಷ್ಟು ಬಾಯಿ ಬಿಡುವವರಲ್ಲ. ಅಲ್ಲಿ ‘ಎಡಿಷನ್’ ಎಂದರೆ ಒಮ್ಮೆ ಅಚ್ಚುಮೊಳೆ ಜೋಡಿಸಿದ ಮೇಲೆ ಅದರಿಂದ ತೆಗೆದದ್ದೆಲ್ಲ. ‘ಇಂಪ್ರೆಷನ್’ ಎಂದರೆ ಒಂದು ಸಲ ಯಂತ್ರಕ್ಕೆ ಹಾಕಿ ತೆಗೆದ ಅಚ್ಚು. ಸಂಗ್ರಾಹಕನಿಗೆ ಬೇಕಾದದ್ದು ಮೊದಲ ಎಡಿಷನ್ನಿನ ಮೊದಲ ಇಂಪ್ರೆಷನ್. ಐದನೇ ಅಚ್ಚೂ ವ್ಯಾಕರಣದ ಪ್ರಕಾರ ‘ಫಸ್ಟ್ ಎಡಿಷನ್’ ಆಗಬಹುದು, ಅದನ್ನು ಹಾಗೆಂದು ಮಾರಿದವನ ಮೇಲೆ ಸುಳ್ಳಿನ ಆರೋಪ ಹೊರಿಸುವುದು ಕಷ್ಟ. ಇನ್ನು ‘ಇಶ್ಯೂ’, ‘ಸ್ಟೇಟ್’ ಎಂಬ ಎರಡು ಪದಗಳು ಒಂದೇ ಅಚ್ಚಿನೊಳಗೆ ಆದ ಬದಲಾವಣೆಗಳಿಗೆ. ಮಾರಾಟ ಶುರುವಾದ ಮೇಲೆ ಪ್ರಕಾಶಕರು ಬೇಕೆಂದೇ ಮಾಡಿದ್ದು ಇಶ್ಯೂ, ಅಚ್ಚಿನ ನಡುವೆ ತಪ್ಪು ತಿದ್ದಿದಂಥದ್ದು ಸ್ಟೇಟ್. ವಿವರಣೆಯಲ್ಲಿ ಈ ನಾಲ್ಕು ಪದಗಳನ್ನು ಸರಿಯಾಗಿ ಬಳಸಿದ ವ್ಯಾಪಾರಿ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಪುಸ್ತಕದಲ್ಲೇ ಇರುತ್ತದೆ. ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯನ್ನೇ ಹತ್ತಿರದಿಂದ ನೋಡಿ. ನ್ಯೂಯಾರ್ಕಿನ ಸ್ಕ್ರಿಬ್ನರ್ಸ್ ಇದನ್ನು 1925ರ ಏಪ್ರಿಲ್ 10ರಂದು ಹೊರತಂದಿತು, ಮೊದಲ ಅಚ್ಚು 20,870 ಪ್ರತಿ. ಅದೇ ಆಗಸ್ಟಿನಲ್ಲಿ ಇನ್ನೂ 3,000 ಪ್ರತಿ ಅಚ್ಚಾಯಿತು. ಎರಡರ ಶೀರ್ಷಿಕೆ ಪುಟದಲ್ಲೂ 1925 ಎಂದೇ ಇದೆ. ಕಾಪಿರೈಟ್ ಪುಟದಿಂದ ಏನೂ ತಿಳಿಯದು. ಸ್ಕ್ರಿಬ್ನರ್ಸ್ ಮೊದಲ ಅಚ್ಚಿಗೆ ‘ಎ’ ಅಕ್ಷರ ಹಾಕುವ ಪದ್ಧತಿ ತಂದದ್ದು ಆಮೇಲೆ, 1930ರ ಹೊತ್ತಿಗೆ. ಆದ್ದರಿಂದ ಒಳಗಿನ ತಪ್ಪುಗಳೇ ಗುರುತು. 60ನೇ ಪುಟದ 16ನೇ ಸಾಲಿನಲ್ಲಿ ಮೊದಲ ಅಚ್ಚಿನಲ್ಲಿ ‘ಚ್ಯಾಟರ್’ ಎಂದಿದೆ, ಎರಡನೆಯದರಲ್ಲಿ ಅದು ‘ಎಕೊಲೇಲಿಯಾ’. 119ನೇ ಪುಟದ 22ನೇ ಸಾಲಿನ ‘ನಾರ್ದರ್ನ್’ ಆಮೇಲೆ ‘ಸದರ್ನ್’ ಆಯಿತು. 205ನೇ ಪುಟದ 9 ಮತ್ತು 10ನೇ ಸಾಲಿನಲ್ಲಿ ‘ಸಿಕ್ ಇನ್ ಟೈರ್ಡ್’ ಎಂದು ಬಿಡಿಬಿಡಿಯಾಗಿದ್ದದ್ದು ಒಂದೇ ಪದವಾಗಿ ‘ಸಿಕಂಟೈರ್ಡ್’ ಎಂದು ಕೂಡಿಕೊಂಡಿತು. 211ನೇ ಪುಟದ 7 ಮತ್ತು 8ನೇ ಸಾಲಿನ ‘ಯೂನಿಯನ್ ಸ್ಟ್ರೀಟ್ ಸ್ಟೇಷನ್’ನಿಂದ ‘ಸ್ಟ್ರೀಟ್’ ಹೋಯಿತು. 165ನೇ ಪುಟದಲ್ಲೂ ಚಿಕ್ಕಪುಟ್ಟ ಚಿಹ್ನೆಗಳ ವ್ಯತ್ಯಾಸ ಇದೆ. ಅದನ್ನು ಫೋಟೋದಲ್ಲಿ ಹುಡುಕುತ್ತಾ ಕಣ್ಣು ಹಾಳು ಮಾಡಿಕೊಳ್ಳಬೇಕಿಲ್ಲ. ವ್ಯಾಪಾರಿಯಿಂದ ಒಂದೇ ಪುಟದ ಚಿತ್ರ ಕೇಳುವುದಾದರೆ 205ನ್ನು ಕೇಳಿ, ಮೊಬೈಲ್ ಫೋಟೋದಲ್ಲೂ ಸ್ಪಷ್ಟ ಕಾಣುತ್ತದೆ.

ಇಲ್ಲಿಗೆ ಸಮಾಧಾನಪಟ್ಟುಕೊಂಡವರೇ ಬೇಸ್ತು ಬೀಳುವುದು. ‘ಫಸ್ಟ್ ಎಡಿಷನ್ ಲೈಬ್ರರಿ’ ಎಂಬ ಸರಣಿ ಅಮೆರಿಕದ ಹಲವು ಪ್ರಸಿದ್ಧ ಕಾದಂಬರಿಗಳ ಮೊದಲ ಮುದ್ರಣವನ್ನು ಅಕ್ಷರಶಃ ನಕಲು ಮಾಡಿ, ಜಾಕೆಟ್ (ರಟ್ಟಿನ ಮೇಲೆ ಸುತ್ತುವ ಕಾಗದದ ಹೊದಿಕೆ) ಸಮೇತ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರಿತ್ತು. ನಕಲು ಅಂದಮೇಲೆ ತಪ್ಪುಗಳೂ ನಕಲಾಗಿವೆ, ‘ಸಿಕ್ ಇನ್ ಟೈರ್ಡ್’ ಅದರಲ್ಲೂ ಇದ್ದಲ್ಲೇ ಇದೆ. ನಕಲಿನ ಕಾಪಿರೈಟ್ ಪುಟದಲ್ಲಿ ಸರಣಿಯ ಹೆಸರನ್ನು ಸಣ್ಣಗೆ ಹಾಕಿರುತ್ತಾರೆ. ಹಾಗಾಗಿ 205ನೇ ಪುಟದ ಜೊತೆ ಕಾಪಿರೈಟ್ ಪುಟದ ಚಿತ್ರವೂ ಬರಲೇಬೇಕು. ಓದಲು, ಕಪಾಟಿನಲ್ಲಿಡಲು ಈ ನಕಲುಗಳು ನಿಜಕ್ಕೂ ಸೊಗಸು. ಅಸಲಿಯ ಬೆಲೆ ಕೊಟ್ಟು ತರುವಂಥದ್ದಲ್ಲ, ಅಷ್ಟೇ.

ಆಮೇಲೆ ಜಾಕೆಟ್. ಇಪ್ಪತ್ತನೇ ಶತಮಾನದ ಕಾದಂಬರಿಯಲ್ಲಿ ಹಣವೆಲ್ಲ ಇರುವುದು ಆ ಒಂದು ಹಾಳೆ ಕಾಗದದಲ್ಲಿ. ಫ್ರಾನ್ಸಿಸ್ ಕುಗಾಟ್ ಚಿತ್ರ ಬರೆದ ಗ್ಯಾಟ್ಸ್‌ಬಿ ಜಾಕೆಟ್ ಇದ್ದರೆ, ಇಲ್ಲದಿದ್ದರೆ, ಬೆಲೆಯಲ್ಲಿ ಹತ್ತಾರು ಪಟ್ಟು ಅಂತರ. ಮೊದಲ ಜಾಕೆಟ್ಟಿನ ಹಿಂಬದಿಯ ಬರಹದಲ್ಲಿ ‘ಜೇ ಗ್ಯಾಟ್ಸ್‌ಬಿ’ಯ ಮೊದಲಕ್ಷರ ಚಿಕ್ಕದಾಗಿ ಅಚ್ಚಾಗಿಬಿಟ್ಟಿತ್ತು. ಹೆಚ್ಚಿನ ಪ್ರತಿಗಳಲ್ಲಿ ಅದನ್ನು ಕೈಯಿಂದ ದೊಡ್ಡಕ್ಷರವಾಗಿ ತಿದ್ದಿದ್ದಾರೆ. ಜಾಕೆಟ್ ಪುಸ್ತಕಕ್ಕಿಂತ ಕೂದಲೆಳೆಯಷ್ಟು ಎತ್ತರವಾಗಿತ್ತು, ಹಾಗಾಗಿ ಮೇಲಿನ ಅಂಚು ಕಪಾಟಿಗೆ ತಗುಲಿ ತಗುಲಿ ಹರಿದವೇ ಹೆಚ್ಚು. ಅಂಚು ನೂರಕ್ಕೆ ನೂರು ನೆಟ್ಟಗಿರುವ ಗ್ಯಾಟ್ಸ್‌ಬಿ ಜಾಕೆಟ್ ಕಮ್ಮಿ ಬೆಲೆಗೆ ಕಂಡರೆ ಅದು ಹೊಸದಾಗಿ ಮುದ್ರಿಸಿದ್ದು ಎಂದೇ ಹಿಡಿಯಿರಿ.

ಹೊಸದಾಗಿ ಮುದ್ರಿಸಿದ ಜಾಕೆಟ್ ಮಾರುವುದು ಅಪರಾಧವಲ್ಲ, ಅದಕ್ಕೆಂದೇ ಇರುವ ಸಂಸ್ಥೆಗಳು ‘ನಕಲು’ ಎಂದು ಮಡಿಕೆಯಲ್ಲಿ ಅಚ್ಚು ಹಾಕಿಯೇ ಕೊಡುತ್ತವೆ. ಆ ಅಕ್ಷರಗಳನ್ನು ಆಮೇಲೆ ಯಾರೋ ಕತ್ತರಿಸಿ ತೆಗೆದಿರುತ್ತಾರೆ. ಕಂಡುಹಿಡಿಯಲು ಎರಡು ಅಗ್ಗದ ಸಾಧನ ಸಾಕು. ಒಂದು, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಆಭರಣದಂಗಡಿಯವರು ಬಳಸುವಂಥದ್ದು. ಹಳೇ ಮುದ್ರಣದಲ್ಲಿ ಅಕ್ಷರದ ಅಂಚು ಗಟ್ಟಿ ಗೆರೆಯಾಗಿರುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ್ದರಲ್ಲಿ ಕಪ್ಪು ಅಕ್ಷರವೂ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಇನ್ನೊಂದು, 365 ನ್ಯಾನೊಮೀಟರಿನ ಯುವಿ ಟಾರ್ಚ್. ಕಾಗದಕ್ಕೆ ಹೊಳಪುಕಾರಕ ರಾಸಾಯನಿಕ ಬೆರೆಸುವುದು ರೂಢಿಗೆ ಬಂದದ್ದು ಸುಮಾರು 1950ರ ನಂತರ. ಅದಕ್ಕಿಂತ ಹಿಂದಿನದೆಂದು ಹೇಳುವ ಜಾಕೆಟ್ ಕತ್ತಲೆಯಲ್ಲಿ ಹೊಸ ಬಿಳಿ ಪಂಚೆಯಂತೆ ನೀಲಿಯಾಗಿ ಹೊಳೆದರೆ ಮರುಮಾತಿಲ್ಲ, ವಾಪಸ್ ಕಳಿಸಿ. ಹೊಳೆಯದಿದ್ದರೆ ಅಸಲಿ ಎಂದು ಮಾತ್ರ ತೀರ್ಮಾನಿಸಬೇಡಿ, ಹಳೇ ಕಾಗದದ ಮೇಲೂ ಮುದ್ರಿಸಬಹುದು.

ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳು ಕಲಿಯುವವರಿಗೆ ಒಳ್ಳೇ ಪಾಠ. ‘ಅನಿಮಲ್ ಫಾರ್ಮ್’ ಸೆಕರ್ ಅಂಡ್ ವಾರ್ಬರ್ಗ್‌ನಿಂದ ಬಂದದ್ದು 1945ರ ಆಗಸ್ಟ್ 17ರಂದು, 4,500 ಪ್ರತಿ. ಕಾಪಿರೈಟ್ ಪುಟದಲ್ಲಿ ಮಾತ್ರ ‘ಮೇ 1945’ ಎಂದಿದೆ. ತಪ್ಪು ಅನ್ನಿಸುವುದು ಸಹಜ, ಆದರೆ ಮೊದಲ ಅಚ್ಚಿನ ಗುರುತೇ ಅದು. ಯುದ್ಧಕಾಲದ ಕಾಗದದ ಬರದಿಂದಾಗಿ ಜಾಕೆಟ್ಟುಗಳನ್ನು ‘ಸರ್ಚ್‌ಲೈಟ್ ಬುಕ್ಸ್’ ಎಂಬ ಬೇರೆ ಸರಣಿಯ ಉಳಿದ ಜಾಕೆಟ್ಟುಗಳ ಹಿಂಬದಿಯಲ್ಲಿ ಅಚ್ಚು ಹಾಕಿದರು. ಜಾಕೆಟ್ ತಿರುಗಿಸಿದರೆ ಒಳಗೆ ಆ ಜಾಹೀರಾತು ಕಾಣಬೇಕು. ವ್ಯಾಪಾರಿಯಿಂದ ಜಾಕೆಟ್ಟಿನ ಒಳಬದಿಯ ಚಿತ್ರ ಕೇಳಿ. ಕಳಿಸಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರ. 1949ರ ಜೂನ್ 8ರ ‘ನೈನ್‌ಟೀನ್ ಎಯ್ಟಿ-ಫೋರ್’ಗೆ ಹಸಿರು, ಕೆಂಪು ಎರಡು ಬಣ್ಣದ ಜಾಕೆಟ್ ಇದೆ. ಯಾವುದು ಮೊದಲು ಎಂಬುದಕ್ಕೆ ಆಧಾರವಿಲ್ಲ. ‘ಮೊದಲ ಜಾಕೆಟ್’ ಎಂದು ಒಂದಕ್ಕೆ ಹೆಚ್ಚು ಕೇಳಿದರೆ ಕೊಡಬೇಡಿ. ಅದೇ ವರ್ಷದ ಅಮೆರಿಕದ ಹಾರ್ಕೋರ್ಟ್ ಮುದ್ರಣವೂ ಪಟ್ಟಿಯಲ್ಲಿ ‘ಫಸ್ಟ್’ ಎಂದೇ ಬರುತ್ತದೆ. ಅದು ಅಮೆರಿಕದ ಮೊದಲ ಮುದ್ರಣ. ಬೆಲೆಯಲ್ಲಿ ಲಂಡನ್ನಿನದ್ದಕ್ಕೆ ಸರಿಗಟ್ಟದು.

ಅಮೆರಿಕದ ಪುಸ್ತಕಗಳಿಗೆ ಅಂಟಿದ ಇನ್ನೊಂದು ಪಿಡುಗು ಬುಕ್ ಕ್ಲಬ್ ಪ್ರತಿ. ಚಂದಾದಾರರಿಗೆ ಕಮ್ಮಿ ಬೆಲೆಗೆ ಹಂಚಲು ಅಚ್ಚು ಹಾಕಿದ್ದು, ನೋಡಲು ಮಾತ್ರ ತದ್ರೂಪ. ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆ ಇರುವುದಿಲ್ಲ, ಕೆಲವದರಲ್ಲಿ ‘ಬುಕ್ ಕ್ಲಬ್ ಎಡಿಷನ್’ ಎಂದೇ ಇರುತ್ತದೆ. ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಬಣ್ಣವಿಲ್ಲದೆ ಒತ್ತಿದ ಸಣ್ಣ ಚುಕ್ಕಿ ಅಥವಾ ಗುಳಿ ಇದ್ದೀತು, ಬೆರಳಾಡಿಸಿದರೆ ತಿಳಿಯುತ್ತದೆ. 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಮೊದಲ ಅಚ್ಚು 5,000 ಪ್ರತಿ, ಮಡಿಕೆಯಲ್ಲಿ 3.95 ಡಾಲರ್ ಬೆಲೆ ಇರಬೇಕು. ಇಲ್ಲೇ ಇನ್ನೊಂದು ಕೈಚಳಕ: ಮಡಿಕೆಯ ಮೂಲೆಯನ್ನು ಓರೆಯಾಗಿ ಕತ್ತರಿಸಿಬಿಟ್ಟರೆ ಬೆಲೆ ಇತ್ತೋ ಇಲ್ಲವೋ ಹೇಳುವವರಿಲ್ಲ. ಉಡುಗೊರೆ ಕೊಡುವವರು ಬೆಲೆ ಕತ್ತರಿಸುವುದು ಸಾಮಾನ್ಯ, ಹಾಗಾಗಿ ಎಲ್ಲವೂ ಮೋಸವಲ್ಲ. ಆದರೆ ಬೆಲೆ ಕತ್ತರಿಸಿದ ಅಮೆರಿಕದ ಜಾಕೆಟ್ಟಿಗೆ ಪೂರ್ತಿ ದರ ಕೊಡುವುದು ದಡ್ಡತನ.

ಹತ್ತೊಂಬತ್ತನೇ ಶತಮಾನಕ್ಕೆ ಹೋದರೆ ಆಟದ ನಿಯಮವೇ ಬೇರೆ. ಜಾಕೆಟ್ ಪ್ರಶ್ನೆ ಬಹುಪಾಲು ಏಳುವುದಿಲ್ಲ. 1820ರ ದಶಕದಿಂದ ಮೂರು ಸಂಪುಟದ ಕಾದಂಬರಿಯ ರೂಢಿಯ ಬೆಲೆ ಒಂದೂವರೆ ಗಿನಿ, ಎಂದರೆ 31 ಶಿಲಿಂಗ್ 6 ಪೆನ್ಸ್. ಸಾಮಾನ್ಯರು ಕೊಳ್ಳುತ್ತಿರಲಿಲ್ಲ, ಮುಡೀಸ್‌ನಂಥ ಬಾಡಿಗೆ ಲೈಬ್ರರಿಗಳು ಕೊಳ್ಳುತ್ತಿದ್ದವು. ಹಾಗಾಗಿ ಇಪ್ಪತ್ತನೇ ಶತಮಾನದ ಪುಸ್ತಕಕ್ಕೆ ‘ಎಕ್ಸ್-ಲೈಬ್ರರಿ’ (ಲೈಬ್ರರಿಯಿಂದ ಹೊರಬಂದ ಪ್ರತಿ) ಎಂಬ ಪದ ಮರಣಶಾಸನವಾದರೂ, ಇಲ್ಲಿ ಮುಡೀಸ್ ಚೀಟಿಯ ಗುರುತು ಕಂಡರೆ ಗಾಬರಿ ಬೇಡ. ಇಲ್ಲಿ ಕೇಳಬೇಕಾದ್ದು ಬೇರೆ: ಮೂರೂ ಸಂಪುಟ ಮೊದಲ ಮುದ್ರಣದ್ದೇ ಹೌದೇ, ಅರೆಶೀರ್ಷಿಕೆ ಪುಟಗಳು ಇವೆಯೇ? ಪುಸ್ತಕದ ಹೆಸರು ಮಾತ್ರ ಇರುವ ಆ ಮೊದಲ ಹಾಳೆಯನ್ನು ಹಳೇ ಬೈಂಡರುಗಳು ಕಿತ್ತೆಸೆಯುತ್ತಿದ್ದರು. 1847ರ ‘ಜೇನ್ ಐರ್’ ಶೀರ್ಷಿಕೆ ಪುಟದಲ್ಲಿ ‘ಎಡಿಟೆಡ್ ಬೈ ಕರರ್ ಬೆಲ್’ ಎಂದಿರಬೇಕು. ಅದು ಲೇಖಕಿ ಶಾರ್ಲೆಟ್ ಬ್ರಾಂಟಿಯದೇ ಗುಪ್ತನಾಮ. ಬರೀ ‘ಬೈ’ ಎಂದಿದ್ದರೆ ಆ ಪ್ರತಿ ಆಮೇಲಿನದು.

ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಮೇಲೆ ಮೂಗು ತೂರಿಸುವವರು ಬಣ್ಣ ನೋಡಲು ಕಲಿಯಬೇಕು. 1843ರ ಡಿಸೆಂಬರ್ 19ರಂದು 5 ಶಿಲಿಂಗಿಗೆ ಬಂದ 6,000 ಪ್ರತಿಗಳು ಕ್ರಿಸ್‌ಮಸ್ ಹೊತ್ತಿಗೆ ಖಾಲಿ. ಮುದ್ರಣದ ಹೊತ್ತಿನಲ್ಲೇ ಡಿಕನ್ಸ್‌ಗೆ ಹಸಿರು ಹಿಡಿಸಲಿಲ್ಲ. ಶೀರ್ಷಿಕೆ ಪುಟ ಕೆಂಪು-ಹಸಿರಿನಿಂದ ಕೆಂಪು-ನೀಲಿಗೆ ಬಂತು. ರಟ್ಟಿನ ಒಳಗಿನ ಹಸಿರು ಹಾಳೆ ಮುಟ್ಟಿದರೆ ಪುಡಿ ಉದುರುತ್ತಿತ್ತು, ಅದು ಹಳದಿಯಾಯಿತು. ಮೊದಲ ಅಧ್ಯಾಯದ ತಲೆಬರಹ ‘ಸ್ಟೇವ್’ ಮುಂದೆ ರೋಮನ್ ಅಂಕಿ ಇದ್ದದ್ದು ಆಮೇಲೆ ‘ಒನ್’ ಎಂಬ ಅಕ್ಷರವಾಯಿತು. ಈ ಮೂರು ಗುರುತು ಅದಲುಬದಲಾಗಿ ಸೇರಿಕೊಂಡ ಪ್ರತಿಗಳು ಬೇಕಾದಷ್ಟಿವೆ. ಇಂಥದ್ದಕ್ಕೆ ಪರಿಣತ ವ್ಯಾಪಾರಿಯ ಲಿಖಿತ ಭರವಸೆ ಇಲ್ಲದೆ ಕೈ ಹಾಕಬಾರದು.

ಸ್ಥಿತಿ ಹೇಳುವ ಪದಗಳಿಗೂ ಗುಪ್ತಾರ್ಥವಿದೆ. ‘ಫೈನ್’ ಎಂದರೆ ಹೊಸದರಂತೆ. ‘ವೆರಿ ಗುಡ್’ ಎಂದರೆ ಬಳಸಿದ್ದು, ದೋಷಗಳಿವೆ. ‘ಗುಡ್’ ಎಂದರೆ ಒಳ್ಳೆಯದಲ್ಲ! ಓದಬಹುದು, ಪುಟಗಳೆಲ್ಲ ಇವೆ, ಅಷ್ಟೇ. ಎರಡು ಗ್ರೇಡ್ ನಡುವೆ ಓರೆಗೆರೆ ಇದ್ದರೆ ಮೊದಲಿನದು ಪುಸ್ತಕಕ್ಕೆ, ಎರಡನೆಯದು ಜಾಕೆಟ್ಟಿಗೆ. ‘ಫಾಕ್ಸಿಂಗ್’ ಎಂದರೆ ಕಂದು ಚುಕ್ಕಿ, ‘ಕಾಕ್ಡ್’ ಎಂದರೆ ಬೆನ್ನು ಓರೆಯಾದದ್ದು, ‘ಸನ್ಡ್’ ಎಂದರೆ ಬಿಸಿಲಿಗೆ ಬಣ್ಣ ಹೋದದ್ದು. ಹೆದರಬೇಕಾದ ಪದ ‘ಮ್ಯಾರೀಡ್’. ಬೇರೆ ಪ್ರತಿಯ ಜಾಕೆಟ್ ತಂದು ಈ ಪುಸ್ತಕಕ್ಕೆ ಮದುವೆ ಮಾಡಿಸಿದ್ದಾರೆ ಎಂದರ್ಥ. ‘ಸೊಫಿಸ್ಟಿಕೇಟೆಡ್’ ಎಂಬುದನ್ನು ಹೊಗಳಿಕೆ ಅಂದುಕೊಂಡೀರಿ: ಕಳೆದ ಪುಟಗಳನ್ನು ಇನ್ನೊಂದು ಪ್ರತಿಯಿಂದ ತಂದು ಕೂಡಿಸಿದ್ದಕ್ಕೆ ಮರ್ಯಾದಸ್ಥರ ಮಾತು ಅದು.

ಕೊಳ್ಳುವ ಮುಂಚೆ ‘ಆಸ್ಕ್ ಸೆಲ್ಲರ್’ ಮೂಲಕ ಆರು ಚಿತ್ರ ಕೇಳಿ: ಶೀರ್ಷಿಕೆ ಪುಟ, ಅದರ ಬೆನ್ನು, ಜಾಕೆಟ್ಟಿನ ಮುಂದಿನ ಮಡಿಕೆ, ಜಾಕೆಟ್ಟಿನ ಬೆನ್ನು, ಹಿಂದಿನ ರಟ್ಟಿನ ಕೆಳಮೂಲೆ, ಮತ್ತು ಆ ಪುಸ್ತಕದ ಗುರುತಿನ ಪುಟ. ‘ಸ್ಟಾಕ್ ಇಮೇಜ್’ ಎಂದಿರುವ ಚಿತ್ರಕ್ಕೆ ಬೆಲೆಯಿಲ್ಲ, ಅದು ನಿಮಗೆ ಬರುವ ಪ್ರತಿಯದ್ದಲ್ಲ. ಮಾರುವವರ ಪಕ್ಕದ ನಕ್ಷತ್ರಗಳನ್ನೂ ನೆಚ್ಚಬೇಡಿ, ಅವು ಆರ್ಡರ್‌ಗಳನ್ನು ಎಷ್ಟು ಸರಿಯಾಗಿ ಪೂರೈಸುತ್ತಾರೆ ಎಂಬುದಕ್ಕೆ, ಪುಸ್ತಕದ ಜ್ಞಾನಕ್ಕಲ್ಲ. ನೋಡಬೇಕಾದ್ದು ಹಳೇ ಪುಸ್ತಕ ವ್ಯಾಪಾರಿಗಳ ಸಂಘಗಳ ಸದಸ್ಯತ್ವ, ಎಂದರೆ ಬ್ರಿಟನ್ನಿನ ಎಬಿಎ, ಅಮೆರಿಕದ ಎಬಿಎಎ ಅಥವಾ ಅಂತರರಾಷ್ಟ್ರೀಯ ಒಕ್ಕೂಟ ಐಎಲ್‌ಎಬಿಯ ಸದಸ್ಯತ್ವ. ಅವರ ದರ ಜಾಸ್ತಿ, ಆದರೆ ವಿವರ ತಪ್ಪಾಗಿದ್ದರೆ ಹಣ ವಾಪಸ್ ಕೊಡುವ ಹೊಣೆ ಅವರ ಮೇಲಿರುತ್ತದೆ.

ಬೆಲೆಯ ವಿಷಯದಲ್ಲಿ ತಾಣದ ದೊಡ್ಡ ಕೊರತೆ ಇದು: ಇಲ್ಲಿ ಕಾಣುವುದು ಕೇಳುವ ಬೆಲೆ ಮಾತ್ರ. ಸರಿಯಾದ ಬೆಲೆಯದ್ದು ಬೇಗ ಮಾರಾಟವಾಗಿ ಪಟ್ಟಿಯಿಂದ ಮಾಯವಾಗುತ್ತದೆ, ಅತಿ ಬೆಲೆಯದ್ದು ವರ್ಷಗಟ್ಟಲೆ ಕೂತಿರುತ್ತದೆ. ಸರಾಸರಿ ತೆಗೆದರೆ ಸೋಲುವುದು ಖಚಿತ. ಸದಬೀಸ್, ಕ್ರಿಸ್ಟೀಸ್, ಬಾನಮ್ಸ್, ಹೆರಿಟೇಜ್ ಹರಾಜುಗಳ ಹಳೇ ಫಲಿತಾಂಶ ಅವರವರ ತಾಣದಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ, ಅಲ್ಲಿನ ಅಂಕಿ ನಿಜವಾಗಿ ಕೈ ಬದಲಾದ ಹಣ. 1818ರ ‘ಫ್ರಾಂಕೆನ್‌ಸ್ಟೈನ್’ನ 500 ಪ್ರತಿಗಳಲ್ಲೊಂದು 2021ರಲ್ಲಿ ಕ್ರಿಸ್ಟೀಸ್‌ನಲ್ಲಿ 11.7 ಲಕ್ಷ ಡಾಲರ್‌ಗೆ ಹೋಯಿತು. ಮೂಲ ರಟ್ಟಿನಲ್ಲೇ ಉಳಿದ ಪ್ರತಿ ಅದು. ಅದನ್ನು ತೋರಿಸಿ, ಆಮೇಲೆ ಬೈಂಡು ಮಾಡಿಸಿದ ಪ್ರತಿಗೆ ಬೆಲೆ ಕಟ್ಟುವವರಿದ್ದಾರೆ, ಕಿವಿಗೊಡಬೇಡಿ. ಇನ್ನೊಂದು ಉಪಾಯ: ಹಲವು ಪುಸ್ತಕ ತಾಣಗಳನ್ನು ಒಟ್ಟಿಗೆ ಜಾಲಾಡುವ ವಯಾಲಿಬ್ರಿಯಲ್ಲಿ ಅದೇ ಪ್ರತಿಯನ್ನು ಹುಡುಕಿದರೆ ವ್ಯಾಪಾರಿಯ ಸ್ವಂತ ತಾಣ ಸಿಕ್ಕೀತು. ಕಮಿಷನ್ ಇಲ್ಲದ್ದರಿಂದ ಅಲ್ಲಿ ಕೆಲವೊಮ್ಮೆ ಅಗ್ಗ. ಏಬ್‌ಬುಕ್ಸ್ ಕೊಡುವ ವಾಪಸಾತಿಯ ರಕ್ಷಣೆ ಮಾತ್ರ ಅಲ್ಲಿರದು. ಗುರುತು ಪರಿಚಯವಿಲ್ಲದ ವ್ಯಾಪಾರಿಯಾದರೆ ಆ ನಾಲ್ಕು ಪೌಂಡ್ ಉಳಿಸುವುದು ಬೇಡ.

ಭಾರತಕ್ಕೆ ತರಿಸುವಾಗ ಸಾಗಣೆಯ ದರ ತೋರಿಸಿದ್ದಕ್ಕೇ ನಿಲ್ಲುವುದಿಲ್ಲ. ಆ ದರ ಸುಮಾರು 1 ಕಿಲೋ ತೂಕದ ಒಂದು ಪುಸ್ತಕದ ಲೆಕ್ಕದ್ದು, ಮೂರು ಸಂಪುಟದ ಸೆಟ್ಟಿಗೆ ವ್ಯಾಪಾರಿ ಆಮೇಲೆ ಹೆಚ್ಚು ಕೇಳುತ್ತಾನೆ. ಮೊದಲೇ ಕೇಳಿ ಬಗೆಹರಿಸಿಕೊಳ್ಳಿ. ಕಾರ್ಡಿನ ಮೇಲೆ ಬ್ಯಾಂಕಿನ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಪಾವತಿಗೆ ಹೆಚ್ಚುವರಿ ಶುಲ್ಕ) ಬೀಳುತ್ತದೆ. ಆಮದು ಪುಸ್ತಕಗಳ ಮೇಲೆ 2019ರ ಬಜೆಟ್ 5% ಕಸ್ಟಮ್ಸ್ ಸುಂಕ ಹಾಕಿತು, ಕೊಳ್ಳುವ ದಿನದ ದರವನ್ನು ನೋಡಿಕೊಳ್ಳಿ. ಕೊರಿಯರ್‌ನವರು ತಮ್ಮ ಶುಲ್ಕವನ್ನು ಅದರ ಮೇಲೆ ಸೇರಿಸುತ್ತಾರೆ. ಟ್ರ್ಯಾಕಿಂಗ್ ಇಲ್ಲದ ಸಾಗಣೆಗೆ ಒಪ್ಪಬೇಡಿ. ಪುಸ್ತಕವನ್ನು ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಪೆಟ್ಟಿಗೆಯಲ್ಲಿ ಕಳಿಸಲು ಬರೆದು ತಿಳಿಸಿ. ಬರೀ ಗುಳ್ಳೆ ಲಕೋಟೆಯಲ್ಲಿ ಬಂದ ಪುಸ್ತಕದ ಮೂಲೆ ಜಜ್ಜದೆ ಉಳಿಯುವುದು ಪುಣ್ಯ. ಬಿಚ್ಚುವಾಗ ವಿಡಿಯೊ ಮಾಡಿ, ಅದೇ ದಿನ ಪುಟ ಎಣಿಸಿ, ಭೂತಗನ್ನಡಿ ಮತ್ತು ಟಾರ್ಚಿನ ಪರೀಕ್ಷೆ ಮುಗಿಸಿ. ವಿವರಕ್ಕೆ ಹೊಂದದಿದ್ದರೆ ವಾಪಸ್ ಕೇಳಲು 30 ದಿನಗಳ ಅವಕಾಶವಿದೆ, ಅದನ್ನು ‘ಆಮೇಲೆ ನೋಡೋಣ’ ಎಂದು ಕಳೆಯಬಾರದು.

ಮನೆಗೆ ಬಂದ ಮೇಲಿನ ಮಾತು ಚುಟುಕಾಗಿ. ಎರಡು ವಾರ ಬೇರೆ ಪುಸ್ತಕಗಳಿಂದ ದೂರ ಇಡಿ, ಹುಳು ಇದ್ದರೆ ಪುಡಿ ಉದುರಿಸಿ ತಾನೇ ತಿಳಿಸುತ್ತದೆ. ಜಾಕೆಟ್ಟಿಗೆ ಪಾಲಿಯೆಸ್ಟರ್ ಹಾಳೆಯ ಹೊದಿಕೆ ಬೇಕು, ಶಾಲೆ ಪುಸ್ತಕಕ್ಕೆ ಹಾಕುವ ಪಿವಿಸಿ ಪ್ಲಾಸ್ಟಿಕ್ ಅಲ್ಲ, ಅದು ಕೆಲವು ವರ್ಷಕ್ಕೆ ಅಂಟಿಕೊಳ್ಳುತ್ತದೆ. ಸೆಲ್ಲೊಟೇಪ್ ಹತ್ತಿರ ಸುಳಿಯಬಾರದು. ತೇವಾಂಶ 45ರಿಂದ 55% ಒಳಗಿದ್ದರೆ ಒಳ್ಳೆಯದು. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ಅದು ಕನಸು. ಗಾಜಿನ ಬಾಗಿಲ ಕಪಾಟು, ಒಳಗೆ ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್, ತಿಂಗಳಿಗೊಮ್ಮೆ ಒಣಗಿಸಿ ಮತ್ತೆ ಇಡುವ ಸಿಲಿಕಾ ಜೆಲ್ ಇಷ್ಟಾದರೂ ಇರಲಿ. ಹೊರಗೋಡೆಗೆ ಕಪಾಟು ಒರಗಿಸಬೇಡಿ.

ಕೊನೆಗೆ ನಮ್ಮವರ ಪುಸ್ತಕಗಳು. ಮೈಸೂರಿನ ಆರ್.ಕೆ. ನಾರಾಯಣ್ ಮತ್ತು ಹಾಸನದ ರಾಜಾರಾವ್ ಅವರ ಆರಂಭದ ಕಾದಂಬರಿಗಳ ಮೊದಲ ಮುದ್ರಣಗಳು ಹೊರಬಂದದ್ದು ಲಂಡನ್ನಿನಿಂದಲೇ. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್, ‘ದಿ ಬ್ಯಾಚೆಲರ್ ಆಫ್ ಆರ್ಟ್ಸ್’ 1937ರಲ್ಲಿ ನೆಲ್ಸನ್, ‘ಕಾಂತಾಪುರ’ 1938ರಲ್ಲಿ ಅಲೆನ್ ಅಂಡ್ ಅನ್ವಿನ್. ಏಬ್‌ಬುಕ್ಸ್‌ನಲ್ಲಿ ನಾರಾಯಣ್ ಪುಸ್ತಕಗಳನ್ನು ಹುಡುಕಿದರೆ ಅಮೆರಿಕದ ಮಿಶಿಗನ್ ಸ್ಟೇಟ್ ಮುದ್ರಣಗಳು 1953ರಿಂದ ಮುಂದಕ್ಕೆ ಸಾಲಾಗಿ ‘ಫಸ್ಟ್’ ಎಂದು ಬರುತ್ತವೆ. ‘ಗ್ರೇಟ್‌ಫುಲ್ ಟು ಲೈಫ್ ಅಂಡ್ ಡೆತ್’ ಎಂಬುದು ಹೊಸ ಕಾದಂಬರಿಯಲ್ಲ, 1945ರ ‘ದಿ ಇಂಗ್ಲಿಷ್ ಟೀಚರ್’ಗೆ ಅಮೆರಿಕದವರು ಇಟ್ಟ ಹೆಸರು. ‘ಮಾಲ್ಗುಡಿ ಡೇಸ್’ ಕಥಾಸಂಕಲನದ ವಿಷಯದಲ್ಲಂತೂ ತಾಣ ದಾರಿ ತಪ್ಪಿಸುತ್ತದೆ. 1982ರ ವೈಕಿಂಗ್ ಪ್ರತಿಗೆ ‘ಫಸ್ಟ್’ ಎಂಬ ಟಿಕ್ ಸಲೀಸಾಗಿ ಬೀಳುತ್ತದೆ, ಆದರೆ ಆ ಹೆಸರಿನ ಮೊದಲ ಪುಸ್ತಕ 1943ರಲ್ಲಿ ನಾರಾಯಣ್ ಅವರದೇ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್ ಮೈಸೂರಿನಿಂದ ತಂದದ್ದು, ಕಥೆಗಳ ಆಯ್ಕೆಯೂ ಬೇರೆ. ಅದಕ್ಕೆ ‘ವಾಂಟ್ಸ್’ ಪಟ್ಟಿಯಲ್ಲಿ ಹೆಸರು, ‘ಇಂಡಿಯನ್ ಥಾಟ್’, 1943 ಎಂದು ತುಂಬಿಡಿ, ಯಾರಾದರೂ ಮಾರಲು ಹಾಕಿದ ದಿನ ಮೇಲ್ ಬರುತ್ತದೆ. ಮೇಲ್‌ಗಾಗಿ ಕಾಯುತ್ತಾ ಕೂರದೆ ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಬುಕ್ ಶಾಪ್, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳನ್ನೂ ನೋಡುತ್ತಿರಿ. ಅಲ್ಲಿ ಪುಸ್ತಕ ಕೈಯಲ್ಲೇ ಇರುತ್ತದೆ, ಶೀರ್ಷಿಕೆ ಪುಟ ತಿರುಗಿಸಲು ಯಾರ ಫೋಟೋಗೂ ಕಾಯಬೇಕಿಲ್ಲ.